ಗೇಮಿನ ಹೊಸ ಅಂಗಿಗೆ ದುಡ್ಡು ಕೊಡಬೇಕೇ?

ಪ್ರಶ್ನೆ: ಮಗ ಮೊಬೈಲ್ ಗೇಮಿನ ಹೊಸ ಡ್ರೆಸ್ಸಿಗೆ ದುಡ್ಡು ಕೇಳುತ್ತಾನೆ. ಕೊಡಬಹುದೇ?
– ಓದುಗರು, ಕೆಂಚನಗುಡ್ಡ

ಉತ್ತರ: ಭತ್ತ ಕೊಳ್ಳುವವರು ನಾಲ್ಕು ಕಾಳನ್ನು ಅಂಗೈಯಲ್ಲಿ ಉಜ್ಜಿ ಅಕ್ಕಿ ನೋಡುತ್ತಾರಲ್ಲ, ಹಾಗೆ ಮೊದಲು ಒಳಗೇನಿದೆ ನೋಡಿ. ‘ವಿಚರ್ 3’ ಆಟಕ್ಕೆ 2016ರಲ್ಲಿ ಬಂದ ‘ಬ್ಲಡ್ ಅಂಡ್ ವೈನ್’ ಎಂಬ ಹೆಚ್ಚುವರಿ ಭಾಗ ಹೊಸ ನಾಡು, ಹೊಸ ಕಥೆ ಕೊಟ್ಟಿತು; ಹತ್ತಾರು ಗಂಟೆ ಆಡಬಹುದು. ಅಂಥದ್ದಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಆದರೆ ಪಬ್‌ಜಿ ಮೊಬೈಲ್ ಎಂಬ ಗುಂಡಿನ ಆಟದ ಭಾರತೀಯ ರೂಪವಾದ ಬಿಜಿಎಂಐನಲ್ಲಿ ಯುಸಿ (ದುಡ್ಡು ಕೊಟ್ಟು ಕೊಳ್ಳುವ ಆಟದ ನಾಣ್ಯ) ಕೊಟ್ಟು ಪಡೆಯುವ ಡ್ರೆಸ್ಸು ಕಣ್ಣಿಗೆ ಚೆಂದ, ಗುಂಡಿನ ಪೆಟ್ಟೇನೂ ಹೆಚ್ಚುವುದಿಲ್ಲ. ಅದು ನಮ್ಮ ಸ್ವತ್ತೂ ಅಲ್ಲ, ಬಳಸುವ ಅನುಮತಿ ಮಾತ್ರ. ಆಟವೇ ನಿಂತರೆ ಡ್ರೆಸ್ಸೂ ಕೈಗೆ ಸಿಗದು: 2020ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು. 2022ರ ಜುಲೈನಲ್ಲಿ ಬಿಜಿಎಂಐ ಆಪ್ ಸ್ಟೋರ್‌ಗಳಿಂದ ಮರೆಯಾಗಿ, ಮರುವರ್ಷ ಮರಳಿತು. ಹೊಸ ಕಥೆ ಸಿಕ್ಕರೆ ಕೊಡಿಸಿ. ಬರೀ ಬಟ್ಟೆಗೆ ಬೇಡ. ಏನು ಬರುತ್ತದೆಂದೇ ತಿಳಿಯದ ಅದೃಷ್ಟದ ಪೆಟ್ಟಿಗೆಗಂತೂ ಬೇಡವೇ ಬೇಡ.