ಷೇರ್ ಆಟೋ ಯಾಕೆ ಮಗುಚುತ್ತದೆ?

ನಮ್ಮ ಸೋಮಂದೇಪಲ್ಲಿಯಿಂದ ಕೆಲಸಕ್ಕೆ ಹೋಗುವವರಿಗೆ 44ನೇ ರಾಷ್ಟ್ರೀಯ ಹೆದ್ದಾರಿಯೇ ದಾರಿ. ಉತ್ತರಕ್ಕೆ ಪೆನುಕೊಂಡ, ಅದರಾಚೆ ಎರ್ರಮಂಚಿಯ ಕಿಯಾ ಕಾರ್ಖಾನೆ. ಅಲ್ಲಿ 2019ರಿಂದ ಕಾರು ತಯಾರಾಗುತ್ತಿವೆ. ಇನ್ನೊಂದು ಕಡೆ ಹಿಂದೂಪುರ. ಕಂಪನಿ ಬಸ್ಸು ಇಲ್ಲದ ದಿನಗೂಲಿಯವರು ಷೇರ್ ಆಟೋ ಹತ್ತುತ್ತಾರೆ.

ಆಟೋದ ಮೂರು ಗಾಲಿ ನೆಲ ಮುಟ್ಟುವ ಜಾಗಗಳನ್ನು ಗೆರೆ ಎಳೆದು ಸೇರಿಸಿ ನೋಡಿ. ತ್ರಿಕೋನ ಆಯಿತಲ್ಲ? ಹಿಂದೆ ಅಗಲ, ಮುಂದೆ ಚೂಪು. ಗುರುತ್ವ ಕೇಂದ್ರದಿಂದ ಕೆಳಗಿಳಿದ ನೇರಗೆರೆ ಈ ತ್ರಿಕೋನದೊಳಗೆ ಇರುವ ತನಕ ನಿಂತ ಆಟೋ ಬೀಳುವುದಿಲ್ಲ. ಡ್ರೈವರ್ ಪಕ್ಕ ಇಬ್ಬರು ಕೂತರೆ ಭಾರ ಚೂಪಿನ ಕಡೆಗೆ ಸರಿಯುತ್ತದೆ. ಅಲ್ಲಿ ಅಂಚು ತೀರಾ ಹತ್ತಿರ. ಮೇಲೆ ಮೂಟೆ ಕಟ್ಟಿದರೆ ಗುರುತ್ವ ಕೇಂದ್ರವೂ ಮೇಲೇರುತ್ತದೆ.

ಇನ್ನು ತಿರುವು. ಜಡತ್ವದಿಂದ ಮೈ ಹೊರಕ್ಕೆ ವಾಲುತ್ತದಲ್ಲ, ಆಟೋಗೂ ಹಾಗೇ. ಅದೇ ತಿರುವಿನಲ್ಲಿ ವೇಗ 20ರಿಂದ 40 ಕಿ.ಮೀ.ಗೆ ಏರಿದರೆ ಈ ಪರಿಣಾಮ ಎರಡಲ್ಲ, ನಾಲ್ಕು ಪಟ್ಟು! ಮನೆಯಲ್ಲಿ ಮುಕ್ಕಾಲಿ ಇದ್ದರೆ ಎರಡು ಕಾಲುಗಳ ನಡುವಿನ ಅಂಚನ್ನು ಒತ್ತಿ ನೋಡಿ, ತಿಳಿಯುತ್ತದೆ.

ಡ್ರೈವರ್ ಪಕ್ಕದ ಜಾಗ ಮಾತ್ರ ಖಾಲಿ ಇದ್ದರೆ ಮುಂದಿನ ಆಟೋಗೆ ಕಾಯಿರಿ ಅಂತ ಅಪ್ಪ ಅಮ್ಮನಿಗೆ ಹೇಳಿ. ತಡವಾದರೆ ಮೇಸ್ತ್ರಿ ಕೂಲಿ ಹಿಡಿಯುತ್ತಾನೆ ಅನ್ನುತ್ತಾರೆ. ಆ ಮಾತೂ ಸುಳ್ಳಲ್ಲ.