ನೀರಿನ ಮೀಟರು ಮತ್ತು ಒತ್ತಡದ ಗೇಜುಗಳನ್ನು ಪರೀಕ್ಷಿಸುವ ಕ್ರಮ

ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿದೆಯೇ ಎಂಬುದನ್ನು ನೋಡಿಕೊಳ್ಳದೆ ತಮ್ಮ ರಾಗಿಯನ್ನಾಗಲಿ ಅಡಿಕೆಯನ್ನಾಗಲಿ ತೂಗಿಸುವ ಜಮೀನುದಾರರು ಯಾರೂ ಇಲ್ಲ. ಆದರೆ ಪೈರಿಗೆ ಪ್ರಾಣಾಧಾರವಾದ ನೀರನ್ನು ಅಳೆಯುವ ಯಂತ್ರಗಳ ವಿಷಯದಲ್ಲಿ ಇಂಥ ಎಚ್ಚರಿಕೆಯು ನಮ್ಮಲ್ಲಿ ಇನ್ನೂ ಬಂದಿಲ್ಲ. ಈಚೆಗೆ ಕೊಳವೆಬಾವಿಯ ಪಂಪುಗಳಿಗೂ ಹನಿ ನೀರಾವರಿಯ ತೋಟಗಳಿಗೂ ನೀರಿನ ಮೀಟರು ಮತ್ತು ಒತ್ತಡದ ಗೇಜುಗಳನ್ನು ಜೋಡಿಸುವುದು ವಾಡಿಕೆಯಾಗುತ್ತಿದೆ. ಇದು ಸಂತೋಷದ ಸಂಗತಿಯೇ. ಆದರೆ ಒಮ್ಮೆ ಜೋಡಿಸಿದ ಯಂತ್ರವು ಎಂದೆಂದಿಗೂ ಸತ್ಯವನ್ನೇ ಹೇಳುವುದೆಂದು ಭಾವಿಸುವುದು ಸರಿಯಲ್ಲ. ಮೀಟರಿನ ಅಂಕಿಯು ಒಂದು ಸಾಕ್ಷಿ ಮಾತ್ರ. ಆ ಸಾಕ್ಷಿಯನ್ನು ಬೇರೊಂದು ಅಳತೆಯಿಂದ ವರ್ಷಕ್ಕೆ ಎರಡು ಬಾರಿಯಾದರೂ ಪರೀಕ್ಷಿಸಿಕೊಳ್ಳತಕ್ಕದ್ದು. ಈ ಪರೀಕ್ಷೆಗೆ ಬೇಕಾದ ಸಾಮಗ್ರಿಗಳು ಪ್ರತಿಯೊಂದು ಊರಿನಲ್ಲಿಯೂ ದೊರೆಯತಕ್ಕವೇ ಆಗಿವೆ.

ಮೀಟರು ತಪ್ಪಿದರೆ ಆಗುವ ಹಾನಿ

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಎತ್ತರ ನೀರು ನಿಲ್ಲಬೇಕಾದರೆ ಸುಮಾರು 4,047 ಲೀಟರು ನೀರು ಬೇಕು. ದಿನಕ್ಕೆ ಎಕರೆಗೆ 20,000 ಲೀಟರು ಕೊಡಬೇಕೆಂದು ನಿಶ್ಚಯಿಸಿಕೊಂಡ ಒಬ್ಬ ರೈತನ ಮೀಟರು ನೂರಕ್ಕೆ ಎಂಟರಷ್ಟು ಕಡಿಮೆ ತೋರಿಸುತ್ತಿದೆಯೆಂದು ಇಟ್ಟುಕೊಳ್ಳೋಣ. ಮೀಟರಿನಲ್ಲಿ 20,000 ಎಂದು ಕಾಣುವಾಗ ನಿಜವಾಗಿ ಹರಿದಿರುವುದು ಸುಮಾರು 21,740 ಲೀಟರು. ನೂರು ದಿನದ ಪೈರಿನಲ್ಲಿ ಈ ಹೆಚ್ಚುವರಿಯು ಎಕರೆಗೆ 1,74,000 ಲೀಟರು, ಅಂದರೆ 43 ಮಿಲಿಮೀಟರು ಮಳೆಗೆ ಸಮವಾಗುತ್ತದೆ. ಈ ನೀರು ವ್ಯರ್ಥವಾಗುವುದಲ್ಲದೆ, ಹಾಕಿದ ಯೂರಿಯಾವನ್ನು ಬೇರಿಗೆ ಎಟುಕದಂತೆ ಕೆಳಕ್ಕೆ ಒಯ್ಯುತ್ತದೆ.

ಇದಕ್ಕಿಂತಲೂ ಹೆಚ್ಚಿನ ಅಪಾಯವೊಂದುಂಟು. ಎಲೆಚಕ್ರ ಸವೆದ ಮೀಟರು ದಿನದಿನಕ್ಕೆ ಕಡಿಮೆ ಅಂಕಿಯನ್ನು ತೋರಿಸುವಾಗ, ಬಾವಿಯೇ ಬತ್ತುತ್ತಿದೆಯೆಂದು ಭ್ರಮಿಸಿ ಇನ್ನೊಂದು ಕೊಳವೆಬಾವಿಯನ್ನು ಸಾಲ ಮಾಡಿ ಕೊರೆಸುವ ಸಂಭವವುಂಟು. ಇದಕ್ಕೆ ವಿರುದ್ಧವಾದುದೂ ನಡೆಯುತ್ತದೆ. ಬಾವಿಯು ನಿಜವಾಗಿ ಬತ್ತುತ್ತಿರುವಾಗ ನೀರಿನೊಡನೆ ಗಾಳಿಯೂ ಕೊಳವೆಯಲ್ಲಿ ಏರಿ ಬರುತ್ತದೆ. ಎಲೆಚಕ್ರದ ಮೀಟರಿಗೆ ನೀರು ಯಾವುದು ಗಾಳಿ ಯಾವುದು ಎಂಬ ಭೇದ ತಿಳಿಯದು. ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕುತ್ತದೆ. ನೀರು ಕಡಿಮೆಯಾಗುತ್ತಿರುವಾಗಲೇ ಮೀಟರು ವೇಗವಾಗಿ ತಿರುಗುವುದರಿಂದ ಮಾಲೀಕರು ನಿಶ್ಚಿಂತರಾಗಿರುತ್ತಾರೆ. ಇತ್ತ, ಸುತ್ತಲಿನ ನೀರಿನಿಂದಲೇ ತಂಪಾಗಬೇಕಾದ ಮೋಟರು ಕಾದು ಸುಟ್ಟುಹೋಗುತ್ತದೆ.

ಮೀಟರು ತಪ್ಪುವುದಕ್ಕೆ ಮುಖ್ಯ ಕಾರಣಗಳು

1. ಮರಳು ಮತ್ತು ಸವೆತ: ನೀರಿನೊಡನೆ ಬರುವ ಮರಳು ಎಲೆಚಕ್ರವನ್ನೂ ಅದರ ತಿರುಗಣಿಯನ್ನೂ ಸವೆಯಿಸುತ್ತದೆ. ಇಂಥ ಮೀಟರು ಸಣ್ಣ ಪ್ರವಾಹದಲ್ಲಿ ಮೊದಲು ಸೋಲುತ್ತದೆ. ತುಂಬು ಪ್ರವಾಹದಲ್ಲಿ ಸರಿಯಾಗಿರುವಂತೆಯೇ ಕಾಣುತ್ತದೆ.

2. ಕೂರಿಸಿದ ಸ್ಥಳದ ದೋಷ: ಬಾಗು ಅಥವಾ ಅರ್ಧ ತೆರೆದ ವಾಲ್ವಿನ ಪಕ್ಕದಲ್ಲಿಯೇ ಮೀಟರನ್ನು ಕೂರಿಸಿದರೆ ನೀರು ಸುಳಿಸುಳಿಯಾಗಿ ಒಳಹೊಕ್ಕು ಅಳತೆಯನ್ನು ಕೆಡಿಸುತ್ತದೆ. ಮೀಟರಿಗೆ ನೀರು ಬರುವ ಕಡೆಯಲ್ಲಿ ಕೊಳವೆಯ ವ್ಯಾಸದ ಹತ್ತರಷ್ಟು, ಹೊರಡುವ ಕಡೆಯಲ್ಲಿ ಐದರಷ್ಟು ಉದ್ದ ನೇರವಾದ ಕೊಳವೆ ಇರುವುದು ಉತ್ತಮ. ಎರಡು ಅಂಗುಲದ ಕೊಳವೆಗೆ ಹಿಂದೆ 20 ಅಂಗುಲ, ಮುಂದೆ 10 ಅಂಗುಲ ಬಿಟ್ಟರಾಯಿತು.

3. ತುಂಬದ ಕೊಳವೆ: ಕೊಳವೆಯು ಪೂರ್ಣವಾಗಿ ತುಂಬಿ ಹರಿಯದಿದ್ದರೆ ಯಾವ ಬಗೆಯ ಮೀಟರೂ ಸರಿಯಾದ ಲೆಕ್ಕವನ್ನು ಕೊಡಲಾರದು. ಮೀಟರನ್ನು ಇಳಿಜಾರಿನ ತುದಿಯಲ್ಲಿಡದೆ, ನೀರು ನಿಂತು ತುಂಬಿರುವ ತಗ್ಗಿನ ಭಾಗದಲ್ಲಿಡತಕ್ಕದ್ದು.

4. ಹಿಮ್ಮುಖ ಹರಿವು: ಪಂಪು ನಿಂತ ಮೇಲೆಯೂ ಮೀಟರು ಅಲುಗುತ್ತಿದ್ದರೆ ಹಿಂದಿರುಗುವ ನೀರನ್ನು ತಡೆಯುವ ವಾಲ್ವು ಕೆಟ್ಟಿದೆಯೆಂದೋ, ಕೊಳವೆ ಎಲ್ಲಿಯೋ ಸೋರುತ್ತಿದೆಯೆಂದೋ ತಿಳಿಯಬೇಕು.

ಡ್ರಮ್ಮಿನ ಪರೀಕ್ಷೆ

ಒಂದು ದೊಡ್ಡ ಡ್ರಮ್ಮು, ಸೆಕೆಂಡು ತೋರಿಸುವ ಗಡಿಯಾರ, ಇಬ್ಬರು ಆಳುಗಳು, ಇಷ್ಟಿದ್ದರೆ ಸಾಕು. ಇನ್ನೂರು ಲೀಟರಿನದೆಂದು ಮಾರುವ ಡ್ರಮ್ಮು ಕಂಠದವರೆಗೆ ತುಂಬಿದರೆ ಇನ್ನೂರಕ್ಕಿಂತ ಹೆಚ್ಚು ನೀರನ್ನು ಹಿಡಿಯುತ್ತದೆಂಬುದನ್ನು ಮರೆಯಕೂಡದು. ಆದುದರಿಂದ ಮೊದಲು ಡ್ರಮ್ಮನ್ನೇ ಅಳೆದುಕೊಳ್ಳಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ತೂಕದ ಯಂತ್ರದ ಮೇಲೆ ಬರಿಯ ಡ್ರಮ್ಮನ್ನಿಟ್ಟು ತೂಕ ನೋಡಿ, ಅನಂತರ 200 ಕಿಲೋಗ್ರಾಂ ಹೆಚ್ಚುವವರೆಗೆ ನೀರು ತುಂಬಿ, ಆ ಮಟ್ಟಕ್ಕೆ ಬಣ್ಣದ ಗೆರೆಯನ್ನೆಳೆಯತಕ್ಕದ್ದು. ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಂ ಎಂದೆಣಿಸುವುದರಲ್ಲಿ ನಮ್ಮ ಕೆಲಸಕ್ಕೆ ಬಾಧಕವಾಗುವಷ್ಟು ತಪ್ಪಿಲ್ಲ.

ಬಳಿಕ ಈ ಕ್ರಮದಲ್ಲಿ ನಡೆಯಬೇಕು.

ಮೊದಲನೆಯದಾಗಿ, ಮೀಟರಿಗೂ ಕೊಳವೆಯ ಬಾಯಿಗೂ ನಡುವೆ ಸೋರಿಕೆಯಾಗಲಿ ಕವಲಾಗಲಿ ಇಲ್ಲವೆಂದು ನೋಡಿಕೊಳ್ಳಬೇಕು. ಪಂಪನ್ನು ಕೆಲವು ನಿಮಿಷ ನಡೆಸಿ ಗಾಳಿಯೆಲ್ಲ ಹೊರಟುಹೋಗುವಂತೆ ಮಾಡಬೇಕು.

ಎರಡನೆಯದಾಗಿ, ಒಬ್ಬನು ಮೀಟರಿನ ಬಳಿ, ಇನ್ನೊಬ್ಬನು ಡ್ರಮ್ಮಿನ ಬಳಿ ನಿಲ್ಲಬೇಕು. ಮೀಟರಿನ ಮುಳ್ಳು ಒಂದು ಪೂರ್ಣ ಅಂಕಿಗೆ ಬಂದೊಡನೆ ಮೊದಲನೆಯವನು ಕೂಗಬೇಕು. ಆ ಕ್ಷಣದಲ್ಲಿ ಹರಿಯುತ್ತಿರುವ ಕೊಳವೆಯನ್ನು ಡ್ರಮ್ಮಿನೊಳಕ್ಕೆ ತಿರುಗಿಸಬೇಕು. ನೀರು ಗೆರೆಯನ್ನು ಮುಟ್ಟಿದೊಡನೆ ಎರಡನೆಯವನು ಕೂಗಿ ಕೊಳವೆಯನ್ನು ಹೊರಕ್ಕೆ ತೆಗೆಯಬೇಕು. ಆಗಿನ ಅಂಕಿಯನ್ನೂ ಹಿಡಿದ ಸೆಕೆಂಡುಗಳನ್ನೂ ಬರೆದುಕೊಳ್ಳಬೇಕು.

ಮೂರನೆಯದಾಗಿ, ಹೀಗೆ ಐದು ಬಾರಿ ಮಾಡಿ ಒಟ್ಟು ಸಾವಿರ ಲೀಟರಿಗೆ ಮೀಟರು ಎಷ್ಟು ತೋರಿಸಿತೆಂಬುದನ್ನು ಕೂಡಿಸಬೇಕು. ಡ್ರಮ್ಮು ತುಂಬಲು ಒಂದು ನಿಮಿಷಕ್ಕೆ ಕಡಿಮೆಯಾಗಕೂಡದು. ಇಪ್ಪತ್ತೇ ಸೆಕೆಂಡಿನಲ್ಲಿ ತುಂಬಿದರೆ, ಕೂಗುವುದರಲ್ಲಿ ಒಂದು ಸೆಕೆಂಡು ತಪ್ಪಿದರೂ ನೂರಕ್ಕೆ ಐದರಷ್ಟು ವ್ಯತ್ಯಾಸ ಬರುತ್ತದೆ. ಅಷ್ಟು ಜೋರಾದ ನೀರಿದ್ದರೆ ಡ್ರಮ್ಮಿಗೆ ಬದಲಾಗಿ ಅಳೆದ ಸಿಮೆಂಟು ತೊಟ್ಟಿಯನ್ನು ಉಪಯೋಗಿಸಬೇಕು.

ನಾಲ್ಕನೆಯದಾಗಿ, ಮೀಟರಿನ ಮುಂದಿರುವ ವಾಲ್ವನ್ನು ಅರ್ಧ ಮುಚ್ಚಿ, ಸಣ್ಣ ಪ್ರವಾಹದಲ್ಲಿಯೂ ಇದೇ ಪರೀಕ್ಷೆಯನ್ನು ಮಾಡಬೇಕು. ಹಿಂದಿನ ವಾಲ್ವನ್ನು ಮುಚ್ಚಿದರೆ ಸುಳಿಯೆದ್ದು ಪರೀಕ್ಷೆಯೇ ಕೆಡುತ್ತದೆ.

ಫಲವನ್ನು ತಿಳಿಯುವ ಬಗೆ

ಸಾವಿರ ಲೀಟರಿಗೆ ಮೀಟರು 920 ತೋರಿಸಿದರೆ ಅದು ನೂರಕ್ಕೆ ಎಂಟರಷ್ಟು ಕಡಿಮೆ ಹೇಳುತ್ತಿದೆ. ರಿಪೇರಿಯಾಗುವವರೆಗೆ ಅದರ ಅಂಕಿಯನ್ನು 1.087ರಿಂದ ಗುಣಿಸಿದರೆ ನಿಜವಾದ ಲೆಕ್ಕ ಸಿಕ್ಕುತ್ತದೆ. ಮನೆಬಳಕೆಯ ಮೀಟರುಗಳಿಗೆ ಭಾರತೀಯ ಮಾನಕವು, ಸಾಧಾರಣ ಪ್ರವಾಹದಲ್ಲಿ ನೂರಕ್ಕೆ ಎರಡರಷ್ಟು, ತೀರ ಸಣ್ಣ ಪ್ರವಾಹದಲ್ಲಿ ನೂರಕ್ಕೆ ಐದರಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ತೋಟದಲ್ಲಿ ಡ್ರಮ್ಮಿನಿಂದ ಮಾಡಿದ ಪರೀಕ್ಷೆಯಲ್ಲಿ ನೂರಕ್ಕೆ ಐದರೊಳಗೆ ವ್ಯತ್ಯಾಸವಿದ್ದರೆ ಮೀಟರನ್ನು ನಂಬಬಹುದು.

ಎರಡು ಪ್ರವಾಹಗಳಲ್ಲಿಯೂ ಒಂದೇ ಪ್ರಮಾಣದ ತಪ್ಪು ಕಂಡುಬಂದರೆ ಕೂರಿಸಿದ ಸ್ಥಳವನ್ನು ಮೊದಲು ಶಂಕಿಸಬೇಕು. ಸಣ್ಣ ಪ್ರವಾಹದಲ್ಲಿ ಮಾತ್ರ ಕಡಿಮೆ ತೋರಿಸಿದರೆ ಸವೆತವೆಂದು ತಿಳಿಯಬೇಕು. ನಿಜಕ್ಕಿಂತ ಹೆಚ್ಚು ತೋರಿಸಿದರೆ ಗಾಳಿಯನ್ನೂ ಹತ್ತಿರದ ವಾಲ್ವನ್ನೂ ನೋಡಬೇಕು. ಐದು ಬಾರಿಯೂ ಬೇರೆ ಬೇರೆ ಅಂಕಿ ಬಂದರೆ ಒಳಗೆ ಕಸ ಸಿಕ್ಕಿರುವುದು ಸಂಭವ.

ಸಂಚಾರಕಾಲದಲ್ಲಿ ಕಂಡ ಒಂದು ಉದಾಹರಣೆಯನ್ನು ಇಲ್ಲಿ ಹೇಳಬಹುದು. ಅಣ್ಣತಮ್ಮಂದಿರಿಬ್ಬರು ಒಂದೇ ಕೊಳವೆಬಾವಿಯ ನೀರನ್ನು ಎರಡು ಮೀಟರುಗಳ ಲೆಕ್ಕದಂತೆ ಹಂಚಿಕೊಳ್ಳುತ್ತಿದ್ದರು. ತಮ್ಮನ ಪಾಲಿನಲ್ಲಿ ಪ್ರತಿ ವಾರವೂ ಅಂಕಿ ಹೆಚ್ಚು. ಆದರೆ ಪೈರು ಬಾಡುತ್ತಿತ್ತು. ಮಾತು ಪಂಚಾಯಿತಿಯವರೆಗೆ ಹೋಗಿತ್ತು. ಡ್ರಮ್ಮಿನಿಂದ ಅಳೆದು ನೋಡಲಾಗಿ ತಮ್ಮನ ಮೀಟರು ಸಾವಿರಕ್ಕೆ 1,120 ತೋರಿಸುತ್ತಿತ್ತು. ಅರ್ಧ ತೆರೆದ ವಾಲ್ವಿಗೆ ಅಂಟಿಕೊಂಡಂತೆ ಅದನ್ನು ಕೂರಿಸಿದ್ದರು. ಸ್ಥಳ ಬದಲಾಯಿಸಿದ ಮೇಲೆ ಎರಡು ಮೀಟರುಗಳೂ ಸರಿಹೋದುವು; ಅಣ್ಣನ ಮೇಲಿದ್ದ ಸಂಶಯವೂ ಹೋಯಿತು.

ಒತ್ತಡದ ಗೇಜು

ಮುಳ್ಳಿನ ಗೇಜಿನೊಳಗೆ ಕೊಕ್ಕೆಯಂತೆ ಬಾಗಿದ ಒಂದು ಚಪ್ಪಟೆ ಲೋಹದ ನಳಿಗೆಯಿರುತ್ತದೆ. ನೀರಿನ ಒತ್ತಡಕ್ಕೆ ಈ ಬಾಗು ಬಿಚ್ಚಿಕೊಳ್ಳುವಾಗ ಮುಳ್ಳು ತಿರುಗುತ್ತದೆ. 1849ರಲ್ಲಿ ಫ್ರಾನ್ಸ್ ದೇಶದ ಬೂರ್ಡನ್ ಎಂಬವರು ಕಂಡುಹಿಡಿದ ಈ ಉಪಾಯವೇ ಇಂದಿಗೂ ನಮ್ಮ ತೋಟಗಳಲ್ಲಿ ನಡೆಯುತ್ತಿದೆ. ಪಂಪಿನ ನಡುಕದಿಂದಲೂ, ವಾಲ್ವನ್ನು ಥಟ್ಟನೆ ಮುಚ್ಚಿದಾಗಿನ ಹೊಡೆತದಿಂದಲೂ ಈ ನಳಿಗೆಯು ದಣಿದು ಸುಳ್ಳು ಹೇಳಲಾರಂಭಿಸುತ್ತದೆ.

ಹನಿ ನೀರಾವರಿಯಲ್ಲಿ ಈ ಸುಳ್ಳಿನ ಫಲವು ನೇರವಾಗಿ ಗಿಡಕ್ಕೆ ತಗಲುತ್ತದೆ. ಸಾಧಾರಣ ಡ್ರಿಪ್ಪರಿನಲ್ಲಿ ನೀರಿನ ಪ್ರಮಾಣವು ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಒತ್ತಡದಲ್ಲಿ ಗಂಟೆಗೆ 4 ಲೀಟರು ಕೊಡುವ ಡ್ರಿಪ್ಪರು, ಒತ್ತಡ 0.8ಕ್ಕೆ ಇಳಿದರೆ ಸುಮಾರು 3.6 ಲೀಟರನ್ನು ಮಾತ್ರ ಕೊಡುತ್ತದೆ. ಗೇಜು ಒಂದೆಂದೇ ತೋರಿಸುತ್ತಿದ್ದರೆ ಈ ಕೊರತೆಯು ಎಲೆ ಮುದುಡುವವರೆಗೂ ತಿಳಿಯದು.

ಗೇಜನ್ನು ನಾಲ್ಕು ಬಗೆಯಲ್ಲಿ ಪರೀಕ್ಷಿಸಬಹುದು. ಪಂಪು ನಿಂತು ಒತ್ತಡವೆಲ್ಲ ಇಳಿದ ಮೇಲೆ ಮುಳ್ಳು ಸೊನ್ನೆಗೆ ಬರುತ್ತದೆಯೇ ನೋಡುವುದು. ನಡೆಯುವಾಗ ಗಾಜನ್ನು ಬೆರಳಿನಿಂದ ಮೆಲ್ಲನೆ ತಟ್ಟಿದರೆ ಮುಳ್ಳು ಹಾರುತ್ತದೆಯೇ ನೋಡುವುದು. ಹಾರಿದರೆ ಒಳಗೆ ಹಿಡಿದಿದೆಯೆಂದರ್ಥ. ಎತ್ತರದ ತೊಟ್ಟಿಯ ನಲ್ಲಿಗೆ ಜೋಡಿಸಿ, ನೀರು ಹರಿಯಗೊಡದೆ ನೋಡುವುದು. ಗೇಜಿನಿಂದ ನೀರಿನ ಮಟ್ಟಕ್ಕೆ 5 ಮೀಟರು ಎತ್ತರವಿದ್ದರೆ 0.5, 10 ಮೀಟರಿದ್ದರೆ 1.0 ತೋರಿಸಬೇಕು. ಕೊನೆಯದಾಗಿ, ಫಿಲ್ಟರಿನ ಹಿಂದಿನ ಮತ್ತು ಮುಂದಿನ ಗೇಜುಗಳನ್ನು ಅದಲುಬದಲು ಮಾಡಿ ನೋಡುವುದು. ಈ ಎರಡರ ವ್ಯತ್ಯಾಸ 0.5 ಮೀರಿದಾಗ ಫಿಲ್ಟರನ್ನು ತೊಳೆಯಬೇಕೆಂಬುದು ಸಾಮಾನ್ಯ ನಿಯಮ. ಗೇಜುಗಳೇ ತಮ್ಮತಮ್ಮಲ್ಲಿ 0.3ರಷ್ಟು ಭೇದವಾಗಿದ್ದರೆ ಆ ನಿಯಮಕ್ಕೆ ಅರ್ಥವಿಲ್ಲ. ಒಂದೇ ಗೇಜನ್ನು ಮೂರು ದಾರಿಯ ವಾಲ್ವಿನ ಮೂಲಕ ಎರಡೂ ಕಡೆಗೆ ಜೋಡಿಸಿದರೆ ಈ ತೊಡಕು ಇರುವುದಿಲ್ಲ.

ಕೊಳ್ಳುವಾಗಲೂ ವಿವೇಚನೆ ಬೇಕು. ಗೇಜಿನ ಮೇಲೆ 1.6 ಎಂದು ದರ್ಜೆಯಿದ್ದರೆ, ಅದರ ಪೂರ್ಣ ಅಳತೆಯಲ್ಲಿ ನೂರಕ್ಕೆ 1.6ರಷ್ಟು ತಪ್ಪಬಹುದೆಂದು ಅರ್ಥ. ಹತ್ತರವರೆಗಿನ ಗೇಜಿನಲ್ಲಿ ಇದು 0.16, ಎರಡೂವರೆಯವರೆಗಿನ ಗೇಜಿನಲ್ಲಿ 0.04 ಮಾತ್ರ. ಒಂದು ಕಿಲೋಗ್ರಾಂ ಒತ್ತಡವನ್ನು ನೋಡಲು ಹತ್ತರ ಗೇಜನ್ನು ಕೊಳ್ಳುವುದು, ಚಿನ್ನವನ್ನು ಸೌದೆಯ ತಕ್ಕಡಿಯಲ್ಲಿ ತೂಗಿದಂತೆ.

ವಿದ್ಯುತ್ತಿನಿಂದ ನಡೆಯುವ ಮೀಟರುಗಳು

ಕಾರ್ಖಾನೆಗಳಲ್ಲಿ ಬಳಸುವ ವಿದ್ಯುತ್ಕಾಂತದ ಮೀಟರುಗಳು ಈಗ ದೊಡ್ಡ ತೋಟಗಳಿಗೂ ಏತ ನೀರಾವರಿಗೂ ಬಂದಿವೆ. 2020ರ ಕೇಂದ್ರ ಅಂತರ್ಜಲ ಮಾರ್ಗಸೂಚಿಗಳು ಅಂತರ್ಜಲವನ್ನೆತ್ತುವ ಕೈಗಾರಿಕೆಗಳಿಗೆ ಡಿಜಿಟಲ್ ಮೀಟರನ್ನು ವಿಧಿಸಿ, ಬೇಸಾಯಕ್ಕೆ ವಿನಾಯಿತಿಯನ್ನು ಕೊಟ್ಟಿವೆ. ಆದರೂ ಸ್ವಂತ ಹಿತಕ್ಕಾಗಿ ಇವನ್ನು ಕೂರಿಸುವವರು ಇವುಗಳ ಗುಣದೋಷವನ್ನು ಅರಿತಿರಬೇಕು. ಇವುಗಳಲ್ಲಿ ತಿರುಗುವ ಭಾಗವಿಲ್ಲದ್ದರಿಂದ ಸವೆತ ಕಡಿಮೆ. ಆದರೆ ಗಡಸು ನೀರಿನ ಸುಣ್ಣವು ಒಳಗಿನ ಲೋಹದ ಬಿಂದುಗಳ ಮೇಲೆ ಹೆಪ್ಪುಗಟ್ಟಿದರೂ, ಭೂಮಿಗೆ ಜೋಡಿಸಿದ ತಂತಿ ಕಳಚಿದರೂ, ಕೊಳವೆ ತುಂಬದಿದ್ದರೂ ಅಂಕಿಯು ಅಲೆದಾಡುತ್ತದೆ. ಎರಡು ಕಡೆಯ ವಾಲ್ವುಗಳನ್ನೂ ಮುಚ್ಚಿ, ಕೊಳವೆಯಲ್ಲಿ ನೀರು ತುಂಬಿ ನಿಂತಿರುವಾಗ ಇದು ಸೊನ್ನೆಯನ್ನು ತೋರಿಸಬೇಕು. ತೋರಿಸದಿದ್ದರೆ ಕಂಪನಿಯವರನ್ನು ಕರೆಸಬೇಕು. ಬೆಲೆ ಎಷ್ಟೇ ಇರಲಿ, ಡ್ರಮ್ಮಿನ ಅಥವಾ ತೊಟ್ಟಿಯ ಪರೀಕ್ಷೆಯಿಂದ ಯಾವ ಮೀಟರಿಗೂ ವಿನಾಯಿತಿಯಿಲ್ಲ.

ಕಾಲುವೆಯ ನೀರಿಗೆ ತ್ರಿಕೋನದ ಕಚ್ಚು

ತೆರೆದ ಕಾಲುವೆಯಲ್ಲಿ ಹರಿಯುವ ನೀರನ್ನು ಅಳೆಯಲು, ತೊಂಬತ್ತು ಡಿಗ್ರಿಯ ತ್ರಿಕೋನದ ಕಚ್ಚನ್ನು ಕೊರೆದ ತಗಡಿನ ಹಲಗೆಯನ್ನು ಅಡ್ಡಲಾಗಿ ನಿಲ್ಲಿಸಬಹುದು. ಕಚ್ಚಿನ ಅಂಚು ತೆಳುವಾಗಿರಬೇಕು. ನೀರು ಆಚೆಗೆ ತಡೆಯಿಲ್ಲದೆ ಬೀಳಬೇಕು. ಕಚ್ಚಿನ ಕೆಳತುದಿಯಿಂದ ನೀರಿನ ಎತ್ತರವನ್ನು, ಆ ಎತ್ತರದ ನಾಲ್ಕರಷ್ಟು ಹಿಂದೆ ಸರಿದು ಅಳೆಯಬೇಕು. ಆಗ ಸೆಕೆಂಡಿಗೆ ಹರಿಯುವ ನೀರು ಸುಮಾರು ಹೀಗಿರುತ್ತದೆ.

5 ಸೆಂಟಿಮೀಟರು ಎತ್ತರಕ್ಕೆ: 0.77 ಲೀಟರು
8 ಸೆಂಟಿಮೀಟರು ಎತ್ತರಕ್ಕೆ: 2.5 ಲೀಟರು
10 ಸೆಂಟಿಮೀಟರು ಎತ್ತರಕ್ಕೆ: 4.4 ಲೀಟರು
12 ಸೆಂಟಿಮೀಟರು ಎತ್ತರಕ್ಕೆ: 6.9 ಲೀಟರು
15 ಸೆಂಟಿಮೀಟರು ಎತ್ತರಕ್ಕೆ: 12 ಲೀಟರು

ಎತ್ತರವನ್ನು ಅಳೆಯುವುದರಲ್ಲಿ ನೂರಕ್ಕೆ ಒಂದರಷ್ಟು ತಪ್ಪಿದರೆ ನೀರಿನ ಲೆಕ್ಕದಲ್ಲಿ ಎರಡೂವರೆಯಷ್ಟು ತಪ್ಪುತ್ತದೆ. ಆದಕಾರಣ ಅಳತೆಪಟ್ಟಿಯನ್ನು ಅಲುಗದಂತೆ ನೆಟ್ಟಿರಬೇಕು.

ಊರಿನ ಮುಖಂಡರು ಮಾಡತಕ್ಕ ಕೆಲಸ

ಗೆರೆಯೆಳೆದ ಒಂದು ಡ್ರಮ್ಮು ಮತ್ತು ಪರೀಕ್ಷೆಗಾಗಿಯೇ ಇಟ್ಟ ಒಂದು ಒಳ್ಳೆಯ ಗೇಜು ಊರಿಗೆಲ್ಲ ಸಾಕು. ಇವನ್ನು ಪಂಚಾಯಿತಿಯಲ್ಲಿಯೋ ಸಹಕಾರ ಸಂಘದಲ್ಲಿಯೋ ಇಟ್ಟು, ಮುಂಗಾರು ಬಿತ್ತನೆಗೆ ಮೊದಲು ಒಮ್ಮೆ, ಬೇಸಿಗೆಯ ಬೆಳೆಗೆ ಮೊದಲು ಒಮ್ಮೆ ಎಲ್ಲರ ಮೀಟರುಗಳನ್ನೂ ನೋಡಿಸಬಹುದು. ನೀರುಗಂಟಿಯಿರುವ ಊರುಗಳಲ್ಲಿ ಅವನಿಗೇ ಈ ಕೆಲಸವನ್ನು ಕಲಿಸಬಹುದು. ತಾರೀಖು, ಮೀಟರಿನ ಅಂಕಿ, ಡ್ರಮ್ಮಿನ ಲೆಕ್ಕ, ತುಂಬಲು ಹಿಡಿದ ಸೆಕೆಂಡು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ಪಾಲುದಾರರ ರುಜು ಹಾಕಿಸತಕ್ಕದ್ದು.

ಈ ಪುಸ್ತಕದಿಂದ ಎರಡು ಪ್ರಯೋಜನಗಳುಂಟು. ನೀರಿನ ಪಾಲಿನ ವಿಷಯದಲ್ಲಿ ವ್ಯಾಜ್ಯ ಬಂದಾಗ ಮಾತಿಗೆ ಬದಲಾಗಿ ಲೆಕ್ಕವಿರುತ್ತದೆ. ಅಲ್ಲದೆ, ಡ್ರಮ್ಮು ತುಂಬಲು ಹೋದ ವರ್ಷ 80 ಸೆಕೆಂಡು ಹಿಡಿದುದು ಈ ವರ್ಷ ಅದೇ ತಿಂಗಳಲ್ಲಿ 110 ಹಿಡಿದರೆ, ಬಾವಿಯದೋ ಪಂಪಿನದೋ ಶಕ್ತಿ ಕುಂದಿದೆಯೆಂದು ಪೈರು ನಾಟುವ ಮೊದಲೇ ತಿಳಿಯುತ್ತದೆ. ಎಷ್ಟು ಎಕರೆಗೆ ನೀರು ಸಾಲುವುದೋ ಅಷ್ಟಕ್ಕೇ ಬೆಳೆಯಿಡಬಹುದು. ಅರ್ಧ ದಿನದ ಈ ಶ್ರಮವನ್ನು ಮುಂದಿನ ಬಿತ್ತನೆಗೆ ಮುಂಚಿತವಾಗಿಯೇ ಕೈಕೊಳ್ಳಬೇಕೆಂದು ಸರ್ವ ಜಮೀನುದಾರರಲ್ಲಿಯೂ ವಿಜ್ಞಾಪಿಸುತ್ತೇವೆ.