ಚೀಟಿ ಬರೆಯೋರಿಗೂ ತರಬೇತಿ ಬೇಕು

ದಾವಣಗೆರೆಯಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಶುರುವಾದದ್ದು 1965ರಲ್ಲಿ. ಅದಕ್ಕೆ ಸೇರಿದ ಬಾಪೂಜಿ ಮಕ್ಕಳ ಆಸ್ಪತ್ರೆಗೆ ಹರಿಹರದ ಕಡೆಯಿಂದಲೂ ತಾಯಂದಿರು ಬರುತ್ತಾರೆ. ಮಕ್ಕಳ ತಜ್ಞರಾಗಲು ಎಂ.ಬಿ.ಬಿ.ಎಸ್. ಆದ ಮೇಲೆ 3 ವರ್ಷ ಎಂ.ಡಿ. ಓದಬೇಕು. ಆದರೆ ಯಾವ ಕ್ಲಿನಿಕ್ಕಿನಲ್ಲೂ ಮಗುವನ್ನು ಮೊದಲು ನೋಡುವವರು ಡಾಕ್ಟರಲ್ಲ, ಚೀಟಿ ಬರೆಯೋರು. ಅವರು ಮೂರು ವಿಷಯ ಕಲಿತಿರಲೇಬೇಕು.

ಮೊದಲನೆಯದು ಪಾಳಿ. ಹಾಲು ಕುಡಿಯದ, ಕುಡಿದದ್ದೆಲ್ಲ ಕಕ್ಕುವ, ಫಿಟ್ಸ್ ಬಂದ, ಎಬ್ಬಿಸಿದರೂ ಏಳದ ಮಗುವಿಗೆ ನಂಬರ್ ಕೊಟ್ಟು ಕೂರಿಸಬಾರದು. ನೇರ ಒಳಗೆ ಕಳಿಸಬೇಕು. ಕೆಮ್ಮಿರುವ 1ರಿಂದ 5 ವರ್ಷದ ಮಗು ನಿಮಿಷಕ್ಕೆ 40 ಅಥವಾ ಹೆಚ್ಚು ಸಲ ಉಸಿರಾಡಿದರೆ ನ್ಯುಮೋನಿಯಾ ಇರಬಹುದು. 2 ತಿಂಗಳಿಂದ 1 ವರ್ಷದೊಳಗಿನ ಕೂಸಿಗೆ ಈ ಲೆಕ್ಕ 50.

ಎರಡನೆಯದು ಲಸಿಕೆ. ಫ್ರಿಜ್ 2ರಿಂದ 8 ಡಿಗ್ರಿಯಲ್ಲಿರಬೇಕು. ದಿನಕ್ಕೆರಡು ಸಲ ನೋಡಿ ಬರೆದಿಡಬೇಕು. ಕರೆಂಟು ಹೋದಾಗ ಸುಮ್ಮಸುಮ್ಮನೆ ಬಾಗಿಲು ತೆಗೆಯಬಾರದು.

ಮೂರನೆಯದು ತೂಕ. ಮಕ್ಕಳ ಔಷಧಿಯ ಅಳತೆ ತೂಕದ ಮೇಲೆ. ತೂಕ ತಪ್ಪಾದರೆ ಔಷಧಿಯೂ ತಪ್ಪಾಗುತ್ತದೆ.

ತಾಯಂದಿರೇ, ಪಾಳಿ ಬರಲಿ ಅಂತ ಸುಮ್ಮನೆ ಕೂರಬೇಡಿ. "ಮಗು ಹಾಲು ಕುಡೀತಿಲ್ಲ, ಮೊದಲು ನೋಡ್ರಿ" ಅಂತ ಧೈರ್ಯವಾಗಿ ಹೇಳಿ. ಇದನ್ನು ನಿಮ್ಮ ಸ್ವಸಹಾಯ ಸಂಘದ ಸಭೆಯಲ್ಲೂ ಓದಿ ಹೇಳಿ.